ಎರಡು ಸ್ಪಾರ್ಕ್ ಪ್ಲಗ್‌ಗಳ ಜಗಳದಲ್ಲಿ ವಕೀಲರಿಗೇನು ಕೆಲಸ?

ಪ್ರಶ್ನೆ: ನನ್ನ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಇದು ಮುಗಿದ ಮೇಲೆ ಕಾನೂನು ಓದಿ, ಪೇಟೆಂಟ್ ಕೇಸು ನಡೆಸುವ ವಕೀಲೆಯಾಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುವುದಿಲ್ಲವೇ? ಈ ವಕೀಲರು ಕೋರ್ಟಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಹಾಗೇನೂ ಆಗುವುದಿಲ್ಲ. ವಕೀಲಿ ವೃತ್ತಿಯಲ್ಲಿ ಎಂಜಿನಿಯರಿಂಗ್ ಪದವಿಗೆ ಬೆಲೆ ಸಿಗುವ ಮೂಲೆ ಒಂದಿದ್ದರೆ ಅದು ಇದೇ. ಆದರೆ ಆ ಪದವಿಯ ಬಲದಿಂದಲೇ ಗೆಲ್ಲುತ್ತೇನೆ ಎಂದು ನಿಮ್ಮ ಮಗಳು ಅಂದುಕೊಂಡಿದ್ದರೆ ಅದೂ ಸರಿಯಲ್ಲ. ನಿಮ್ಮ ಎರಡನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಹೇಗೂ ಅವಳು ಮೆಕ್ಯಾನಿಕಲ್ ಓದುತ್ತಿರುವುದರಿಂದ ನಿಮ್ಮೂರಿನ ರಸ್ತೆಯಲ್ಲೂ ದಿನಾ ಓಡಾಡುವ ಒಂದು ಬೈಕಿನ ಕೇಸನ್ನು ಹಿಡಿದುಕೊಳ್ಳೋಣ.

ಬಜಾಜ್ ಪಲ್ಸರ್ ಬೈಕಿನ ಮೇಲೆ ‘ಡಿಟಿಎಸ್-ಐ’ ಎಂಬ ಅಕ್ಷರಗಳನ್ನು ನೀವು ನೋಡಿರುತ್ತೀರಿ. ಒಂದು ಸಿಲಿಂಡರಿಗೆ ಒಂದರ ಬದಲು ಎರಡು ಸ್ಪಾರ್ಕ್ ಪ್ಲಗ್ ಇದೆ ಎಂಬುದರ ಗುರುತು ಅದು. ಕಿಡಿ ಎರಡು ಕಡೆಯಿಂದ ಹೊತ್ತಿಕೊಂಡರೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಬೇಗ ಉರಿಯುತ್ತದೆ, ಪೂರ್ತಿಯಾಗಿಯೂ ಉರಿಯುತ್ತದೆ. ಇದಕ್ಕಾಗಿ ಬಜಾಜ್ 2002ರ ಜುಲೈ 16ರಂದು ಅರ್ಜಿ ಹಾಕಿ, 2005ರ ಜುಲೈನಲ್ಲಿ 195904 ಸಂಖ್ಯೆಯ ಪೇಟೆಂಟ್ ಪಡೆಯಿತು. 2007ರಲ್ಲಿ ಟಿವಿಎಸ್ ಕಂಪನಿ ‘ಫ್ಲೇಮ್’ ಎಂಬ 125 ಸಿಸಿ ಬೈಕನ್ನು ಮಾರುಕಟ್ಟೆಗೆ ತರುವುದಾಗಿ ಸಾರಿತು. ಆಸ್ಟ್ರಿಯಾದ ಎವಿಎಲ್ ಕಂಪನಿಯ ತಂತ್ರಜ್ಞಾನದ ಅದರ ಎಂಜಿನಿನಲ್ಲೂ ಪ್ಲಗ್ ಎರಡು. ಇದು ನಮ್ಮದು ಎಂದಿತು ಬಜಾಜ್. ಬುಡವಿಲ್ಲದ ಬೆದರಿಕೆ ಎಂದಿತು ಟಿವಿಎಸ್. ಇಬ್ಬರೂ ಮದ್ರಾಸ್ ಹೈಕೋರ್ಟಿಗೆ ಹೋದರು. ಹೊಸೂರು ಮತ್ತು ಮೈಸೂರಿನಲ್ಲಿ ಕಾರ್ಖಾನೆ ಇರುವ ಕಂಪನಿ ಒಂದು ಕಡೆ, ಪುಣೆಯ ಕಂಪನಿ ಇನ್ನೊಂದು ಕಡೆ. ಎರಡಕ್ಕೂ ದೇಶದ ದೊಡ್ಡ ದೊಡ್ಡ ವಕೀಲರು.

ಪೇಟೆಂಟ್ ಪತ್ರ ಎಷ್ಟೇ ದಪ್ಪಗಿರಲಿ, ಜಗಳವೆಲ್ಲ ಅದರ ಕೊನೆಯಲ್ಲಿ ನಂಬರ್ ಹಾಕಿ ಬರೆದ ಕೆಲವೇ ವಾಕ್ಯಗಳ ಮೇಲೆ. ಅವುಗಳಿಗೆ ಕ್ಲೇಮ್ ಎನ್ನುತ್ತಾರೆ. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಇದ್ದ ಹಾಗೆ, ಹಕ್ಕು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಆ ವಾಕ್ಯಗಳೇ. ಬಜಾಜಿನ ಮೊದಲ ಕ್ಲೇಮಿನಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್, ಸಿಲಿಂಡರಿಗೆ ಎರಡು ವಾಲ್ವ್, 45ರಿಂದ 70 ಮಿಲಿಮೀಟರ್ ಒಳಗಿನ ಬೋರ್ (ಸಿಲಿಂಡರಿನ ಒಳವ್ಯಾಸ), ಎರಡು ಸ್ಪಾರ್ಕ್ ಪ್ಲಗ್ ಎಂಬೆಲ್ಲ ಮಾತುಗಳಿದ್ದವು. ಟಿವಿಎಸ್ ಎಂಜಿನಿನಲ್ಲಿ ವಾಲ್ವ್ ಮೂರು. ‘ನೀವು ಬರೆದದ್ದು ಎರಡು ವಾಲ್ವ್, ನಮ್ಮಲ್ಲಿರುವುದು ಮೂರು, ಹಾಗಾಗಿ ನಾವು ನಿಮ್ಮ ಗಡಿಯೊಳಗೆ ಕಾಲಿಟ್ಟೇ ಇಲ್ಲ’ ಎಂಬುದು ಟಿವಿಎಸ್ ವಾದ. ಸಣ್ಣ ಬೋರಿನ ಎಂಜಿನಿಗೆ ಎರಡು ಪ್ಲಗ್ ಕೂರಿಸಿದ್ದೇ ಈ ಆವಿಷ್ಕಾರದ ತಿರುಳು, ಒಂದು ವಾಲ್ವ್ ಹೆಚ್ಚಿಗೆ ಸೇರಿಸಿದ ಮಾತ್ರಕ್ಕೆ ತಿರುಳು ಬದಲಾಗುವುದಿಲ್ಲ ಎಂಬುದು ಬಜಾಜ್ ವಾದ. ಇದರ ಜೊತೆಗೆ ಟಿವಿಎಸ್ ಇನ್ನೊಂದು ಬಾಣವನ್ನೂ ಬಿಟ್ಟಿತು: ಎರಡು ಪ್ಲಗ್ ಹೊಸದೇ ಅಲ್ಲ, ಹೋಂಡಾ ಕಂಪನಿ ಅಮೆರಿಕದಲ್ಲಿ ಹಿಂದೆಯೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದೆ.

ಪೇಟೆಂಟ್ ಕೇಸಿನ ಎರಡು ಕಾಲುಗಳೂ ಇಲ್ಲಿ ಕಾಣುತ್ತವೆ. ಎದುರಾಳಿಯ ವಸ್ತು ಕ್ಲೇಮಿನ ಗಡಿಯೊಳಗೆ ಬರುತ್ತದೆಯೇ ಎಂಬುದು ಒಂದು. ಆ ಕ್ಲೇಮ್ ಕೊಟ್ಟದ್ದೇ ಸರಿಯೇ ಎಂಬುದು ಇನ್ನೊಂದು. ಸರ್ಕಾರದ ಕಚೇರಿ ಪರೀಕ್ಷಿಸಿ ಕೊಟ್ಟ ಹಕ್ಕನ್ನು ಮತ್ತೆ ಪ್ರಶ್ನಿಸಬಹುದೇ ಎಂದು ನೀವು ಕೇಳಬಹುದು. ಖಂಡಿತ ಪ್ರಶ್ನಿಸಬಹುದು. 1970ರ ನಮ್ಮ ಪೇಟೆಂಟ್ ಕಾಯ್ದೆಯೇ, ಕಚೇರಿಯ ಪರೀಕ್ಷೆ ಮುಗಿದ ಮಾತ್ರಕ್ಕೆ ಪೇಟೆಂಟ್ ಸಿಂಧು ಎಂಬ ಖಾತರಿ ಇಲ್ಲ ಎನ್ನುತ್ತದೆ. ಇದರ ಬಗ್ಗೆ ಸುಪ್ರೀಂ ಕೋರ್ಟಿನ ಹೆಸರಾಂತ ತೀರ್ಪು ಬಂದದ್ದು ಯಾವ ವಸ್ತುವಿನ ಮೇಲೆ ಗೊತ್ತೇ? ಪಾತ್ರೆ. ಹಿತ್ತಾಳೆ ಪಾತ್ರೆಗಳನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ನಯ ಮಾಡುವಾಗ ಅವುಗಳನ್ನು ಹಿಡಿದಿಡುವ ಒಂದು ಸಾಧನಕ್ಕೆ ಉತ್ತರ ಪ್ರದೇಶದ ಮಿರ್ಜಾಪುರದ ಕಂಪನಿಯೊಂದು ಪೇಟೆಂಟ್ ಪಡೆದಿತ್ತು. ಹಳೆಯ ಪದ್ಧತಿಗೆ ಒಂದಿಷ್ಟು ತಿದ್ದುಪಡಿ ಮಾಡಿದ್ದು ಬಿಟ್ಟರೆ ಇದರಲ್ಲಿ ಆವಿಷ್ಕಾರದ ಹೆಜ್ಜೆ ಏನೂ ಇಲ್ಲವೆಂದು 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಔಷಧವಿರಲಿ, ಮೊಬೈಲ್ ಇರಲಿ, ಇಂದಿಗೂ ಪೇಟೆಂಟ್ ವಾದಗಳಲ್ಲಿ ಆ ಪಾತ್ರೆ ಕೇಸಿನ ಹೆಸರು ಬಾರದೆ ಇರುವುದಿಲ್ಲ.

ಹಾಗಾದರೆ ವಕೀಲರ ದಿನಚರಿ ಹೇಗಿರುತ್ತದೆ? ಕೋರ್ಟಿನಲ್ಲಿ ನಿಂತು ಮಾತಾಡುವ ಗಂಟೆಗಳು ಕಡಿಮೆ. ಅದಕ್ಕೆ ಮೊದಲು ಎದುರಾಳಿಯ ವಸ್ತುವನ್ನು ಕೊಂಡು ತಂದು, ಬಿಚ್ಚಿ, ಅಳೆದು ನೋಡಬೇಕು. ಕ್ಲೇಮಿನ ಒಂದೊಂದು ಪದವನ್ನೂ ಒಂದು ಕಡೆ ಬರೆದು, ಆ ವಸ್ತುವಿನಲ್ಲಿ ಅದಕ್ಕೆ ಸರಿಹೊಂದುವ ಭಾಗವನ್ನು ಎದುರಿಗೆ ಬರೆದು ಕೋಷ್ಟಕ ಮಾಡಬೇಕು. ಇದಕ್ಕೆ ಕ್ಲೇಮ್ ಚಾರ್ಟ್ ಎನ್ನುತ್ತಾರೆ. ಒಂದು ಅಂಶಕ್ಕೆ ಜೋಡಿ ಸಿಗದಿದ್ದರೂ ಕೇಸು ಕುಂಟುತ್ತದೆ. ಪ್ರತಿವಾದಿಯ ಕಡೆಯವರದು ಉಲ್ಟಾ ಕೆಲಸ. ಪೇಟೆಂಟ್ ಅರ್ಜಿಯ ದಿನಾಂಕಕ್ಕಿಂತ ಮುಂಚೆ ಜಗತ್ತಿನಲ್ಲಿ ಎಲ್ಲಾದರೂ, ಯಾವ ಭಾಷೆಯಲ್ಲಾದರೂ ಇದನ್ನು ಯಾರಾದರೂ ಬರೆದಿದ್ದಾರೆಯೇ ಎಂದು ಹುಡುಕಬೇಕು. ಅರಿಶಿನದ ಕಥೆ ನಿಮಗೆ ಗೊತ್ತಿರಬಹುದು. ಗಾಯಕ್ಕೆ ಅರಿಶಿನ ಹಚ್ಚುವುದರ ಮೇಲೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪೇಟೆಂಟ್ ಪಡೆದಿತ್ತು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಅದನ್ನು 1997ರಲ್ಲಿ ರದ್ದು ಮಾಡಿಸಿತು. ಅದು ನಡೆದದ್ದು ಅಲ್ಲಿನ ಪೇಟೆಂಟ್ ಕಚೇರಿಯಲ್ಲಿ. ‘ನಮ್ಮಜ್ಜಿ ಹಚ್ಚುತ್ತಿದ್ದರು’ ಎಂಬ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ, ಅಚ್ಚಾದ ಹಳೆಯ ದಾಖಲೆಗಳಿಗೆ ಇತ್ತು. ಒಂದು ಹಳೆಯ ಪತ್ರಿಕೆಯ ಒಂದು ಪುಟ ಕೋಟ್ಯಂತರ ರೂಪಾಯಿಯ ಪೇಟೆಂಟನ್ನು ಉರುಳಿಸಬಲ್ಲದು.

ಇದಾದ ಮೇಲೆ ತಜ್ಞರು. ಐಐಟಿಯ ಪ್ರಾಧ್ಯಾಪಕರೋ, ನಿವೃತ್ತ ವಿಜ್ಞಾನಿಯೋ ನಿಮ್ಮ ಪರವಾಗಿ ಅಫಿಡವಿಟ್ ಕೊಡುತ್ತಾರೆ. ಅವರಿಂದ ವಿಷಯ ಕಲಿತು, ಎದುರಾಳಿಯ ತಜ್ಞರನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಮೂವತ್ತು ವರ್ಷ ಒಂದೇ ವಿಷಯ ಮಾಡಿದ ವ್ಯಕ್ತಿಯ ಎದುರು, ಅದನ್ನು ಮೂರು ತಿಂಗಳಿಂದ ಓದಿದ ವಕೀಲೆ ನಿಂತಿರುತ್ತಾಳೆ. ಕೊನೆಗೆ ಇದನ್ನೆಲ್ಲ ನ್ಯಾಯಮೂರ್ತಿಗಳಿಗೆ ಅರ್ಥ ಮಾಡಿಸಬೇಕು. ಅವರ ಮುಂದೆ ನಿನ್ನೆ ಪಾಲುದಾರಿಕೆಯ ವ್ಯಾಜ್ಯ, ಇಂದು ಬಾಡಿಗೆ ತಕರಾರು, ನಾಳೆ ಎಂಜಿನಿನ ದಹನ ಕೋಣೆ. ಎಂಜಿನಿಯರಿಗೆ ಎಂಜಿನಿಯರಿಂಗ್ ಹೇಳುವುದು ಸುಲಭ. ಇತಿಹಾಸವೋ ವಾಣಿಜ್ಯವೋ ಓದಿ ನ್ಯಾಯಪೀಠಕ್ಕೆ ಬಂದವರಿಗೆ, ಒಂದು ಗಂಟೆಯೊಳಗೆ, ತಪ್ಪಿಲ್ಲದೆ ಮತ್ತು ನಮ್ಮ ಕಡೆಗೆ ವಾಲುವಂತೆ ಹೇಳುವುದು ಈ ಕಸುಬಿನ ನಿಜವಾದ ಪರಿಣತಿ ಎಂದು ನನ್ನ ಅಭಿಪ್ರಾಯ. ಪದವಿ ಇದನ್ನು ಕಲಿಸುವುದಿಲ್ಲ. ತರಗತಿಯಲ್ಲಿ ಮೊದಲ ರ‍್ಯಾಂಕ್ ಬಂದವರಿಗಿಂತ, ಹಾಸ್ಟೆಲ್ಲಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಜನಕ್ಕೆ ಪಾಠ ಹೇಳಿಕೊಟ್ಟವರು ಇಲ್ಲಿ ಮುಂದೆ ಬರುತ್ತಾರೆ.

ಫ್ಲೇಮ್ ಕೇಸು ಏನಾಯಿತು ಎಂದು ಹೇಳಲಿಲ್ಲ. 2008ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಬಜಾಜ್ ಪರವಾಗಿ ತಡೆಯಾಜ್ಞೆ ಕೊಟ್ಟಿತು. ಟಿವಿಎಸ್ ಒಂದು ಪ್ಲಗ್ ತೆಗೆದುಹಾಕಿ ಫ್ಲೇಮನ್ನು ಮಾರಬೇಕಾಯಿತು. 2009ರ ಮೇ ತಿಂಗಳಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತಿರುಗಿಸಿತು. ಬಜಾಜ್ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷದ ಸೆಪ್ಟೆಂಬರ್ 16ರಂದು ಸುಪ್ರೀಂ ಕೋರ್ಟ್, ಟಿವಿಎಸ್ ಮಾರಾಟ ಮಾಡಲಿ, ಆದರೆ ಲೆಕ್ಕ ಇಡಲಿ ಎಂದು ಹೇಳಿ, ಮೂಲ ದಾವೆಯನ್ನು ನವೆಂಬರ್ 30ರೊಳಗೆ ತೀರ್ಮಾನಿಸಿ ಎಂದು ಹೈಕೋರ್ಟಿಗೆ ಸೂಚಿಸಿತು. ಇಂತಹ ಕೇಸುಗಳನ್ನು ದಿನದಿಂದ ದಿನಕ್ಕೆ ವಿಚಾರಣೆ ನಡೆಸಿ ನಾಲ್ಕು ತಿಂಗಳೊಳಗೆ ಮುಗಿಸಬೇಕೆಂದು ದೇಶದ ಎಲ್ಲ ನ್ಯಾಯಾಲಯಗಳಿಗೂ ಹೇಳಿತು. ಆಮೇಲೆ? 2019ರಲ್ಲಿ ಎರಡು ಕಂಪನಿಗಳೂ ಕೂತು ಮಾತಾಡಿ ರಾಜಿ ಮಾಡಿಕೊಂಡವು. ಪೇಟೆಂಟಿನ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ. ಅಷ್ಟರಲ್ಲಿ 17 ವರ್ಷ ಕಳೆದಿತ್ತು. ಫ್ಲೇಮ್ ಬೈಕು ರಸ್ತೆಯಿಂದ ಮಾಯವಾಗಿ ಎಷ್ಟೋ ಕಾಲವಾಗಿತ್ತು.

ಆದ್ದರಿಂದಲೇ ನಮ್ಮಲ್ಲಿ ಪೇಟೆಂಟ್ ಕೇಸಿನ ಜೀವ ಇರುವುದು ಮಧ್ಯಂತರ ತಡೆಯಾಜ್ಞೆಯಲ್ಲಿ. ಮೊದಲ ಕೆಲವು ವಾರಗಳಲ್ಲಿ ಅದು ಸಿಕ್ಕರೆ ಎದುರಾಳಿ ವಸ್ತು ಅಂಗಡಿಗೆ ಬರುವುದಿಲ್ಲ, ಸಿಗದಿದ್ದರೆ ಬರುತ್ತದೆ. ಅಂತಿಮ ತೀರ್ಪು ಬರುವ ಹೊತ್ತಿಗೆ ಎಷ್ಟೋ ಸಲ ಇಬ್ಬರಿಗೂ ಆಸಕ್ತಿ ಉಳಿದಿರುವುದಿಲ್ಲ. ಔಷಧ ಕಂಪನಿಗಳಾದ ರೋಶ್ ಮತ್ತು ಸಿಪ್ಲಾ ನಡುವಿನ ಕೇಸು ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಎರ್ಲೋಟಿನಿಬ್ ಮಾತ್ರೆಯ ಪೇಟೆಂಟ್ ರೋಶ್ ಕಡೆಯದಾಗಿತ್ತು. ಆಗ ಒಂದು ಮಾತ್ರೆಗೆ ಸುಮಾರು 4800 ರೂಪಾಯಿ. ಸಿಪ್ಲಾ 1600 ರೂಪಾಯಿಗೆ ಮಾರಲು ಹೊರಟಿತು. 2008ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ತಡೆಯಾಜ್ಞೆ ನಿರಾಕರಿಸಿದರು. ಮೈಸೂರಿನಲ್ಲಿ ಹುಟ್ಟಿದ ಅವರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಆದರು. ಜೀವ ಉಳಿಸುವ ಔಷಧದ ವಿಷಯದಲ್ಲಿ, ಕೇಸಿನಲ್ಲಿ ಕಕ್ಷಿದಾರರೇ ಅಲ್ಲದ ರೋಗಿಗಳ ಹಿತವನ್ನೂ ತೂಕಕ್ಕೆ ಹಾಕಬೇಕು ಎಂಬುದು ಅವರ ನಿಲುವು. 2009ರಲ್ಲಿ ವಿಭಾಗೀಯ ಪೀಠವೂ ಅದನ್ನು ಎತ್ತಿಹಿಡಿದು, ಪ್ರತಿವಾದಿ ಪೇಟೆಂಟಿನ ಸಿಂಧುತ್ವಕ್ಕೆ ನಂಬಲರ್ಹವಾದ ಸವಾಲು ಒಡ್ಡಿದರೆ ತಡೆಯಾಜ್ಞೆ ಕೊಡಬೇಕಿಲ್ಲ ಎಂದಿತು.

ಆ ಕೇಸು ವಿಚಾರಣೆಯ ಎಲ್ಲ ಹಂತಗಳನ್ನೂ ದಾಟಿದ್ದು ವಿಶೇಷ. 2012ರ ತೀರ್ಪಿನಲ್ಲಿ ಪೇಟೆಂಟ್ ಸಿಂಧು, ಆದರೆ ಸಿಪ್ಲಾ ಉಲ್ಲಂಘಿಸಿಲ್ಲ ಎಂದಾಯಿತು. ಸಿಪ್ಲಾ ಮಾತ್ರೆಯಲ್ಲಿ ಇದ್ದದ್ದು ಆ ಔಷಧದ ಹರಳಿನ ಬೇರೊಂದು ರೂಪ ಎಂಬ ಕಾರಣಕ್ಕೆ. 2015ರ ನವೆಂಬರಿನಲ್ಲಿ ಮೇಲಿನ ಪೀಠ, ಹರಳು ಯಾವ ರೂಪದಲ್ಲಿದ್ದರೂ ಕ್ಲೇಮ್ ಹೇಳುವುದು ಆ ರಾಸಾಯನಿಕವನ್ನೇ, ಆದ್ದರಿಂದ ಉಲ್ಲಂಘನೆ ಆಗಿದೆ ಎಂದಿತು. ಗೆದ್ದ ರೋಶ್‌ಗೆ ತಡೆಯಾಜ್ಞೆ ಮಾತ್ರ ಸಿಗಲಿಲ್ಲ, ಏಕೆಂದರೆ 2016ರ ಮಾರ್ಚ್‌ಗೆ ಪೇಟೆಂಟೇ ಮುಗಿಯಲಿತ್ತು. ಒಂದೇ ಕ್ಲೇಮ್, ಅವೇ ದಾಖಲೆಗಳು, ಅದೇ ಹರಳು. ಮೂರು ವರ್ಷಗಳ ಅಂತರದಲ್ಲಿ ಎರಡು ಉತ್ತರ. ಕಲಿತ ನ್ಯಾಯಮೂರ್ತಿಗಳೇ ಒಂದು ವಾಕ್ಯವನ್ನು ಹೀಗೆ ಬೇರೆ ಬೇರೆಯಾಗಿ ಓದಬಹುದಾದರೆ, ಅದನ್ನು ತಮ್ಮ ಕಡೆಯಿಂದ ಓದಿಸಬಲ್ಲವರಿಗೆ ಕಂಪನಿಗಳು ಅಷ್ಟೊಂದು ಶುಲ್ಕ ಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಈಚೆಗೆ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಪೇಟೆಂಟ್ ಮೇಲ್ಮನವಿಗಳನ್ನು ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ಮುಚ್ಚಿ, ಅದರ ಕೆಲಸವನ್ನು ಹೈಕೋರ್ಟುಗಳಿಗೆ ವಹಿಸಲಾಯಿತು. ದೆಹಲಿ ಹೈಕೋರ್ಟ್ ಇಂತಹ ಕೇಸುಗಳಿಗೇ ಪ್ರತ್ಯೇಕ ವಿಭಾಗ ತೆರೆಯಿತು. ಪೇಟೆಂಟ್ ದಾವೆಗಳಿಗೆಂದೇ 2022ರಲ್ಲಿ ನಿಯಮ ಮಾಡಿತು. ತಂತ್ರಜ್ಞಾನದ ಪ್ರಾಥಮಿಕ ಪಾಠವನ್ನು ವಕೀಲರು ಮೊದಲೇ ಬರೆದು ಕೊಡಬೇಕು, ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಸಾಕ್ಷ್ಯ ಪಡೆಯಬಹುದು ಎಂಬಂತಹ ಪದ್ಧತಿಗಳು ಅಲ್ಲಿ ಬಂದಿವೆ. ದಾವೆಗಳು ಕೊನೆಯವರೆಗೆ ನಡೆಯುವುದೂ ಕಾಣುತ್ತಿದೆ: 2015ರಲ್ಲಿ ಶುರುವಾದ, ಎರಿಕ್ಸನ್ ಕಂಪನಿಯ ಪೇಟೆಂಟುಗಳ ಕೇಸಿನಲ್ಲಿ ಲಾವಾ ಮೊಬೈಲ್ ಕಂಪನಿ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ದೆಹಲಿ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು.

ಇನ್ನು ಓದಿನ ವಿಷಯ. ಇಲ್ಲಿ ಎರಡು ಬೇರೆ ಬೇರೆ ಪರವಾನಗಿಗಳಿವೆ, ಅದನ್ನು ಮಗಳು ಸ್ಪಷ್ಟ ಮಾಡಿಕೊಳ್ಳಲಿ. ಪೇಟೆಂಟ್ ಏಜೆಂಟ್ ಆಗಲು ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಬೇಕು, 21 ವರ್ಷ ತುಂಬಿರಬೇಕು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಪಾಸಾಗಬೇಕು. ಲಿಖಿತ ಪತ್ರಿಕೆ ಎರಡು, ಜೊತೆಗೆ ಮೌಖಿಕ. ಕಾನೂನು ಪದವಿ ಬೇಡ. ಏಜೆಂಟರು ಅರ್ಜಿ ಬರೆಯಬಹುದು, ಪೇಟೆಂಟ್ ಕಚೇರಿಯಲ್ಲಿ ವಾದಿಸಬಹುದು, ಕೋರ್ಟಿನಲ್ಲಿ ವಾದಿಸುವಂತಿಲ್ಲ. ಕೋರ್ಟಿಗೆ ಬೇಕಾದದ್ದು ಎಲ್‌ಎಲ್‌ಬಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ಎರಡೂ ಇದ್ದವರಿಗೆ ಬೇಡಿಕೆ ಹೆಚ್ಚು. ಬಿಇ ಮುಗಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ದಾವಣಗೆರೆಯಲ್ಲೇ ಸಿಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ 2022ರಿಂದ ಮೂರು ವರ್ಷದ ಕೋರ್ಸ್ ನಡೆಸುತ್ತಿದೆ. ಎಂಜಿನಿಯರುಗಳಿಗೆ ಹೇಳಿ ಮಾಡಿಸಿದ್ದು ಐಐಟಿ ಖರಗ್‌ಪುರದ ಕಾನೂನು ಶಾಲೆ. ಬೌದ್ಧಿಕ ಆಸ್ತಿಯೇ ಅಲ್ಲಿನ ಮುಖ್ಯ ವಿಷಯ.

ನನ್ನನ್ನು ಕೇಳಿದರೆ, ಬಿಇ ಆದ ಕೂಡಲೇ ಅವಳು ಏಜೆಂಟ್ ಪರೀಕ್ಷೆ ಬರೆದು ಎರಡು ವರ್ಷ ಬೆಂಗಳೂರಿನ ಯಾವುದಾದರೂ ಪೇಟೆಂಟ್ ಕಚೇರಿಯಲ್ಲಿ ಕ್ಲೇಮ್ ಬರೆಯುವ ಕೆಲಸ ಮಾಡಲಿ. ಸ್ವತಃ ಗಡಿ ಹಾಕಿದವರಿಗೆ ಇನ್ನೊಬ್ಬರ ಗಡಿಯಲ್ಲಿ ಸಂದು ಎಲ್ಲಿದೆ ಎಂದು ಬೇಗ ಕಾಣುತ್ತದೆ.

ಎಂಜಿನಿಯರಿಂಗ್ ಇಲ್ಲದವರು ಇಲ್ಲಿ ಬೆಳೆಯುವುದಿಲ್ಲ ಎಂದೇನೂ ಅಲ್ಲ. ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ನೇರವಾಗಿ ಐದು ವರ್ಷದ ಕಾನೂನು ಓದಿದ ಪ್ರತಿಭಾ ಎಂ. ಸಿಂಗ್ ದೇಶದ ಪ್ರಮುಖ ಬೌದ್ಧಿಕ ಆಸ್ತಿ ವಕೀಲೆಯಾಗಿ ಬೆಳೆದು, 2017ರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಮೊದಲನೆಯದು ಊರು. ಕರ್ನಾಟಕ ಹೈಕೋರ್ಟಿಗೆ ಮೂಲ ಸಿವಿಲ್ ದಾವೆಗಳನ್ನು ನೇರವಾಗಿ ಸ್ವೀಕರಿಸುವ ಅಧಿಕಾರ ಇಲ್ಲ. ದೆಹಲಿ, ಮದ್ರಾಸ್, ಬಾಂಬೆ, ಕಲ್ಕತ್ತಾ ಹೈಕೋರ್ಟುಗಳಿಗೆ ಇದೆ. ನಮ್ಮ ರಾಜ್ಯದ ಅರ್ಜಿಗಳು ಸೇರುವುದೂ ಚೆನ್ನೈ ಪೇಟೆಂಟ್ ಕಚೇರಿಗೆ, ಅದರ ಆದೇಶದ ಮೇಲಿನ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ. ಪೇಟೆಂಟ್ ಬರೆಯುವ ಕೆಲಸ ಬೆಂಗಳೂರಿನಲ್ಲಿ ಧಾರಾಳವಾಗಿದೆ, ಕೋರ್ಟಿನ ಜಗಳ ಮಾತ್ರ ಹೆಚ್ಚಾಗಿ ದೆಹಲಿಯಲ್ಲಿ. ಅವಳು ಮನೆ ಬಿಟ್ಟು ಹೋಗಲು ನೀವೂ ತಯಾರಿರಬೇಕು. ಎರಡನೆಯದು ದನಿ. ದೊಡ್ಡ ಕೇಸುಗಳಲ್ಲಿ ನಿಂತು ವಾದಿಸುವವರು ಸೀನಿಯರ್ ವಕೀಲರು. ಎಂಜಿನು ಹೇಗೆ ಉರಿಯುತ್ತದೆ ಎಂದು ಹಿಂದಿನ ರಾತ್ರಿ ಅವರಿಗೆ ಪಾಠ ಹೇಳಿ, ಮರುದಿನ ಹಿಂದಿನ ಸಾಲಿನಲ್ಲಿ ನಿಂತು ಚೀಟಿ ಕೊಡುವುದು ನಿಮ್ಮ ಮಗಳಂಥವರ ಪಾಲಿಗೆ ಬರುತ್ತದೆ. ಆ ಹಿಂದಿನ ಸಾಲಿನಲ್ಲಿ ಹತ್ತು ವರ್ಷ ಕಳೆಯುವುದು ಸಾಮಾನ್ಯ. ಹೆಸರು ಬೇಕೆನ್ನುವವರಿಗೆ ಇದು ಕಹಿ. ವಿಷಯದ ರುಚಿ ಇರುವವರಿಗೆ ಅಷ್ಟು ಬೇಸರವಾಗದು.

ಅಮೆರಿಕಕ್ಕೆ ಹೋಗುವ ಆಸೆಯೂ ಇದ್ದರೆ ಅಲ್ಲಿನ ಪದ್ಧತಿ ಬೇರೆ. ಕ್ಲೇಮಿನ ಅರ್ಥವನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ, ಉಲ್ಲಂಘನೆ ಆಗಿದೆಯೇ ಎಂಬುದನ್ನು ಸಾಮಾನ್ಯ ಜನರ ಜ್ಯೂರಿ ಹೇಳುತ್ತದೆ. ಮೊತ್ತಗಳೂ ಬೇರೆ. ತಕ್ಷಣ ಫೋಟೊ ಕೊಡುವ ಕ್ಯಾಮೆರಾದ ವಿಷಯದಲ್ಲಿ ಪೋಲರಾಯ್ಡ್ 1976ರಲ್ಲಿ ಕೊಡಾಕ್ ಮೇಲೆ ಹೂಡಿದ ದಾವೆ 1991ರಲ್ಲಿ 92.5 ಕೋಟಿ ಡಾಲರ್ ಕೊಡುವುದರೊಂದಿಗೆ ಮುಗಿಯಿತು. 1986ರಲ್ಲೇ ಕೊಡಾಕ್ ಆ ಕ್ಯಾಮೆರಾ ವ್ಯಾಪಾರದಿಂದ ಹೊರಬೀಳಬೇಕಾಗಿತ್ತು. ಕ್ಯಾಮೆರಾ ರೂಪಿಸುವಾಗಲೇ ಕೊಡಾಕ್ ಪೇಟೆಂಟ್ ವಕೀಲರ ಸಲಹೆ ಪಡೆದಿತ್ತು. ಆ ಸಲಹೆ ವ್ಯಾಪಾರವನ್ನು ಉಳಿಸಲಿಲ್ಲ, ಆದರೆ ಬೇಕೆಂದೇ ಉಲ್ಲಂಘಿಸಿಲ್ಲ ಎಂದು ಕೋರ್ಟ್ ಒಪ್ಪಿ ಪರಿಹಾರವನ್ನು ಮೂರು ಪಟ್ಟು ಮಾಡದೆ ಬಿಟ್ಟದ್ದು ಅದರಿಂದಲೇ. ಜಗಳ ಹುಟ್ಟುವ ಮೊದಲೇ ಕೊಡುವ ಇಂತಹ ಸಲಹೆಯೂ ಈ ವಕೀಲರ ಆದಾಯದ ದೊಡ್ಡ ಭಾಗ.

ನೀವು ಈಗಲೇ ಬೇಡ ಎನ್ನಬೇಡಿ, ಹೂಂ ಎಂದೂ ಹೇಳಬೇಡಿ. ಬಜಾಜ್ ಮತ್ತು ಟಿವಿಎಸ್ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ 2008ರಲ್ಲಿ ಕೊಟ್ಟ ಆದೇಶ, 2009ರಲ್ಲಿ ಅದನ್ನು ತಿರುಗಿಸಿದ ಆದೇಶ ಎರಡೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ಓದಿ, ಮೂರನೆಯ ವಾಲ್ವ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನಿಮಗೆ ಕನ್ನಡದಲ್ಲಿ ವಿವರಿಸಲು ಹೇಳಿ. ಮೆಕ್ಯಾನಿಕಲ್ ಓದದ ನಿಮಗೆ ಅದು ಅರ್ಥವಾಗಿ, ನೀವು ಅವಳ ಪಕ್ಷಕ್ಕೆ ಒಲಿದರೆ ಕಾಲೇಜಿನ ಅರ್ಜಿ ತುಂಬಿಸಿ.